ಸಹಿ ಮಾಡದವರು

ಕನ್ನಡ ಸಂಘದ ಮಾಸಪತ್ರಿಕೆಗೂ ಮೋಟಾರು ಕಾರಿನ ಬ್ರೇಕ್ ಪೈಪಿಗೂ ಎಲ್ಲಿಯ ನಂಟು ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ನಂಟು ಉಂಟು, ಸ್ವಲ್ಪ ಸಹನೆಯಿಂದ ಓದಬೇಕೆಂದು ವಿನಂತಿ. ಪೈಪು ಕೇವಲ ನೆಪ ಎಂದೂ ಹೇಳಲಾರೆ. ಧರ್ಮಾಧರ್ಮದ ಪ್ರಶ್ನೆಗಳು ಆಕಾಶದಲ್ಲಿ ತೇಲಾಡುತ್ತಿರುವಷ್ಟು ಕಾಲ ನಾವೆಲ್ಲರೂ ಧರ್ಮರಾಯರೇ. ಅವು ಕೆಳಗಿಳಿದು ಒಂದು ಬೋಲ್ಟಿಗೋ ಒಂದು ವಾಷರಿಗೋ ತಗುಲಿಕೊಂಡಾಗಲೇ ನಮ್ಮ ಬಂಡವಾಳ ಬಯಲಾಗುವುದು.

ಹೊಟ್ಟೆಪಾಡಿಗೆಂದು ನಾವು ಬಂದು ನೆಲೆಸಿದ ಈ ಚೆನ್ನೈ, ಭಾರತದ ಮೋಟಾರು ಓಟದ ಹಳೆಯ ತವರು. ನಗರದ ಉತ್ತರಕ್ಕಿರುವ ಶೋಲಾವರಂನ ಹಳೆಯ ವಿಮಾನದ ಓಡುದಾರಿಯ ಮೇಲೆ ದಶಕಗಳ ಕಾಲ ಕಾರುಗಳೂ ಮೋಟಾರು ಸೈಕಲುಗಳೂ ಓಡಿದವು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಆ ಮೇಲೆ ಶ್ರೀಪೆರುಂಬುದೂರಿನ ಹತ್ತಿರ, ಇರುಂಗಾಟ್ಟುಕೋಟ್ಟೈಯಲ್ಲಿ, ತನ್ನದೇ ಓಟಪಥ ಕಟ್ಟಿತು. 1990ರಿಂದ ಅಲ್ಲಿ ಓಟ ನಡೆಯುತ್ತಿದೆ. ನಮ್ಮ ಮೇಲುಕೋಟೆಗೆ ಬಂದು ನೆಲೆಸಿದ್ದ ರಾಮಾನುಜಾಚಾರ್ಯರು ಹುಟ್ಟಿದ ಊರಿನ ಪಕ್ಕದಲ್ಲೇ ಇಂಥದೊಂದು ಗದ್ದಲ ಎಂದು ನಗೆ ಬರುತ್ತದೆ, ಇರಲಿ. ಬೆಂಗಳೂರಿನಿಂದ ಚೆನ್ನೈಗೆ ಬರುವ ಹೆದ್ದಾರಿಯಲ್ಲೇ ಇರುವ ಈ ಜಾಗಕ್ಕೆ ಶನಿವಾರ ರಾತ್ರಿ ಹೊರಟು ಬರುವ ಬೆಂಗಳೂರಿನ ಹುಡುಗರೂ ಉಂಟು, ಇಲ್ಲೇ ಹುಟ್ಟಿ ಬೆಳೆದ ನಮ್ಮ ಮನೆಗಳ ಹುಡುಗರೂ ಉಂಟು. ಕೊಯಮತ್ತೂರಿನಲ್ಲಿ 2003ರಿಂದ, ದೆಹಲಿಯ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ 2011ರಿಂದ ಇಂಥವೇ ಓಟಪಥಗಳಿವೆ.

ಇವರು ಬರುವುದು ಪಂದ್ಯಕ್ಕಲ್ಲ. 'ಟ್ರ್ಯಾಕ್ ಡೇ' ಎಂದು ಕರೆಯುತ್ತಾರೆ. ಹಣ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ದಿನವೂ ಆಫೀಸಿಗೆ ಹೋಗುವ ಅದೇ ಕಾರನ್ನು ಹದಿನೈದು ಇಪ್ಪತ್ತು ನಿಮಿಷಗಳ ಸರದಿಯಲ್ಲಿ ಮನದಣಿಯೆ ಓಡಿಸುವ ದಿನ. ಗೆಲುವಿಲ್ಲ, ಬಹುಮಾನವಿಲ್ಲ. ಬೆಳಿಗ್ಗೆ ಒಬ್ಬ ಪರೀಕ್ಷಕ ಕಾರನ್ನು ನೋಡಿ ಒಂದು ಚೀಟಿ ಅಂಟಿಸುತ್ತಾನೆ. ಅದಕ್ಕೂ ಮೊದಲು ಒಂದು ಕಾಗದಕ್ಕೆ ಸಹಿ ಹಾಕಬೇಕು: ಏನಾದರೂ ಆದರೆ ಅದು ನನ್ನ ಹೊಣೆ, ಯಾರ ಮೇಲೂ ದಾವೆ ಹೂಡೆನು ಎಂದು.

ನಮ್ಮ ಹಿರಿಯರಲ್ಲಿ ಹಲವರು ಇದನ್ನು ಕೇಳಿದ ಕೂಡಲೇ, ತಿಂದ ಅನ್ನ ಕರಗದವರ ಚಟ ಎನ್ನುತ್ತಾರೆ. ನಾನು ಹಾಗೆ ಅನ್ನುವವನಲ್ಲ. ಅದೇ ಹುಡುಗ ಅದೇ ವೇಗವನ್ನು ರಾತ್ರಿ ಹನ್ನೊಂದಕ್ಕೆ ಈಸ್ಟ್ ಕೋಸ್ಟ್ ರೋಡಿನಲ್ಲಿ ತೋರಿಸುವುದಕ್ಕಿಂತ, ಎದುರು ಗಾಡಿಯಿಲ್ಲದ, ಅಂಬುಲೆನ್ಸ್ ಕಾದು ನಿಂತಿರುವ ಕಡೆ ತೋರಿಸುವುದು ಸಾವಿರ ಪಾಲು ಮೇಲು. ತನ್ನ ವಾಹನ ಎಷ್ಟರಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ತಿಳಿದವನು ರಸ್ತೆಯಲ್ಲೂ ವಿವೇಕಿಯಾಗುವ ಸಾಧ್ಯತೆ ಇದೆ. ಆಟ ಸಲ್ಲದು ಎನ್ನುವುದು ನನ್ನ ವಾದವೇ ಅಲ್ಲ. ನನ್ನನ್ನು ಕಾಡಿದ್ದು ಆ ಸಹಿಯ ಮಾತು.

ನನ್ನ ಹಳೆಯ ಸ್ನೇಹಿತರೊಬ್ಬರಿದ್ದಾರೆ, ರಾಯರು ಎಂದಿಟ್ಟುಕೊಳ್ಳೋಣ. ಅವರ ಮಗ ಈ ಹುಚ್ಚಿನವನು. ಒಳ್ಳೆಯ ಹುಡುಗ, ಒಳ್ಳೆಯ ಕೆಲಸ. ಕಾರಿಗೆ ಅಲಾಯ್ ಚಕ್ರ ಹಾಕಿಸಿದ್ದ, ಅಗಲದ ಟೈರು ಹಾಕಿಸಿದ್ದ, ಸ್ಪ್ರಿಂಗು ಬದಲಿಸಿ ಕಾರನ್ನು ನೆಲಕ್ಕೆ ಇಳಿಸಿದ್ದ, ಎಂಜಿನ್ನಿನ ಶಕ್ತಿ ಹೆಚ್ಚಿಸಿದ್ದ. ಸಾರಿಗೆ ಕಾರ್ಯಾಗಾರವೊಂದರಲ್ಲಿ ಬಹಳ ಕಾಲ ಕೆಲಸ ಮಾಡಿದವನೆಂಬ ಕಾರಣಕ್ಕೆ ನನಗೆ ತೋರಿಸಲು ಕರೆದಿದ್ದ. ಬ್ರೇಕಿನ ಹೋಸ್ ಮತ್ತು ಆಯಿಲ್ ಯಾವಾಗ ಬದಲಿಸಿದೆ ಎಂದು ಕೇಳಿದೆ. "ಅದು ಕಂಪನಿಯದೇ ಇದೆ ಮಾಮ, ಆರು ವರ್ಷದಿಂದ ಏನೂ ತೊಂದರೆ ಕೊಟ್ಟಿಲ್ಲ" ಎಂದ. "ತೊಂದರೆ ಕೊಟ್ಟ ದಿನ?" ಎಂದೆ. ನಗುತ್ತ, "ನನ್ನ ಜೀವ ತಾನೆ ಮಾಮ, ಸಹಿ ಮಾಡಿಕೊಟ್ಟೇ ಒಳಗೆ ಹೋಗೋದು" ಎಂದ. ರಾಯರು ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದರು, ಮಾತಾಡಲಿಲ್ಲ.

ಈ ಉತ್ತರದಲ್ಲಿ ಎರಡು ಮಾತುಗಳಿವೆ. ಇದುವರೆಗೆ ಏನೂ ಆಗಿಲ್ಲ ಎಂಬುದು ಒಂದು. ಆದರೂ ನನಗೇ ಆಗುವುದು ಎಂಬುದು ಇನ್ನೊಂದು. ಎರಡನ್ನೂ ತೂಗಿ ನೋಡಬೇಕಾದರೆ ಆ ಪೈಪಿನ ಒಳಗೆ ನಡೆಯುವುದೇನೆಂದು ತುಸು ತಿಳಿಯಬೇಕು.

ನಾವು ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ದ್ರವ ತಳ್ಳಲ್ಪಟ್ಟು, ಉಕ್ಕಿನ ಸಣ್ಣ ಪೈಪುಗಳ ಮೂಲಕ ಹೋಗಿ, ಕಡೆಯ ಒಂದು ಗೇಣಿನಷ್ಟು ದೂರ ಬಗ್ಗುವ ಹೋಸಿನಲ್ಲಿ ಹರಿದು, ಚಕ್ರದ ಬಳಿಯ ಕ್ಯಾಲಿಪರನ್ನು ಅದುಮುತ್ತದೆ. ಚಕ್ರ ಮೇಲೆ ಕೆಳಗೆ ಆಡುತ್ತದೆ, ಮುಂದಿನದಾದರೆ ಎಡಕ್ಕೆ ಬಲಕ್ಕೆ ತಿರುಗುತ್ತದೆ; ಆದ್ದರಿಂದ ಅಲ್ಲಿ ಬಗ್ಗುವ ಹೋಸು. ಕಾರಿನ ನಾಲ್ಕು ಚಕ್ರಗಳಿಗೂ ದ್ರವದ ಬ್ರೇಕನ್ನು ಅಮೆರಿಕದ ಡ್ಯೂಸನ್‌ಬರ್ಗ್ ಕಾರು 1921ರಲ್ಲೇ ತಂದಿತು. ತತ್ತ್ವ ಇಂದಿಗೂ ಅದೇ. ಗಟ್ಟಿಯಾಗಿ ಒತ್ತಿದಾಗ ಆ ಪೈಪಿನೊಳಗಿನ ಒತ್ತಡ ಟೈರಿನೊಳಗಿನ ಗಾಳಿಯ ಒತ್ತಡಕ್ಕಿಂತ ಮೂವತ್ತು ನಲವತ್ತು ಪಟ್ಟು ಏರುತ್ತದೆ. ನಮ್ಮ ಕಿರುಬೆರಳಿಗಿಂತ ಸಣ್ಣ ಕೊಳವೆ ಅದನ್ನು ತಡೆದುಕೊಳ್ಳಬೇಕು, ವರ್ಷಗಟ್ಟಲೆ, ಸದ್ದಿಲ್ಲದೆ.

ಇನ್ನು ಶಾಖದ ಮಾತು. ಒಂದು ಟನ್ ತೂಕದ ಕಾರು ಗಂಟೆಗೆ 100 ಕಿಲೋಮೀಟರು ವೇಗದಿಂದ ನಿಂತಾಗ ಹುಟ್ಟುವ ಶಾಖ, ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. 160ರಿಂದ ನಿಂತರೆ ಮೂರು ಲೀಟರು. ವೇಗ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾದರೆ ಶಾಖ ಎರಡೂವರೆ ಪಟ್ಟಾಗುತ್ತದೆ. ಊರೊಳಗೆ ಸಿಗ್ನಲಿನಿಂದ ಸಿಗ್ನಲಿಗೆ ಹೋಗುವ ಕಾರು ಈ ಶಾಖವನ್ನು ಗಾಳಿಗೆ ಬಿಟ್ಟುಕೊಡಲು ಬೇಕಾದಷ್ಟು ಸಮಯ ಪಡೆಯುತ್ತದೆ. ಓಟಪಥದಲ್ಲಿ ಒಂದೊಂದು ಸುತ್ತಿಗೂ ನಾಲ್ಕಾರು ಸಲ ಜೋರಾಗಿ ಬ್ರೇಕು. ತಣಿಯುವ ಮುಂಚೆ ಮತ್ತೆ ಬೆಂಕಿ.

ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ಎಣ್ಣೆಯೇ ಅಲ್ಲ, ಅದು ಬಾಯಾರಿದ ದ್ರವ. ಗಾಳಿಯಲ್ಲಿರುವ ತೇವವನ್ನು, ಹೋಸಿನ ರಬ್ಬರಿನ ಮೂಲಕವೂ, ಹೀರಿಕೊಳ್ಳುತ್ತಲೇ ಇರುತ್ತದೆ. ಚೆನ್ನೈ ಮುಂಬಯಿಗಳ ಕಡಲ ಗಾಳಿಯಲ್ಲಿ ಅದಕ್ಕೆ ಹಬ್ಬ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ 230 ಡಿಗ್ರಿ ಸೆಂಟಿಗ್ರೇಡಿನವರೆಗಾದರೂ ಕುದಿಯಬಾರದೆಂದು ನಿಯಮ. ನೂರಕ್ಕೆ ನಾಲ್ಕು ಭಾಗಕ್ಕೂ ಕಡಿಮೆ ನೀರು ಸೇರಿದರೆ ಅದೇ ದ್ರವಕ್ಕೆ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ದ್ರವ ಕುದಿದರೆ ಆವಿ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಅಷ್ಟೇ ವ್ಯತ್ಯಾಸ. ಕಾಲು ಒತ್ತಿದಾಗ ಪೆಡಲು ಹತ್ತಿಯ ದಿಂಬಿನ ಹಾಗೆ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಪಾಪ, ಚಾಲಕ ಏನು ಮಾಡಬೇಕೋ ಅದನ್ನೇ ಮಾಡಿರುತ್ತಾನೆ.

ಹೋಸಿನ ಕಥೆ ಇನ್ನೂ ಸೂಕ್ಷ್ಮ. ಸ್ಪ್ರಿಂಗು ಬದಲಿಸಿದರೆ ಚಕ್ರ ಆಡುವ ಅಳತೆ ಬದಲಾಗುತ್ತದೆ. ಅಗಲದ ಟೈರು ಹಾಕಿದರೆ, ಪೂರ್ತಿ ತಿರುವಿದಾಗ ಅದು ಹೋಸಿಗೆ ಒರಸಬಹುದು. ಪ್ಯಾಡು ಬದಲಿಸುವಾಗ ಮೆಕ್ಯಾನಿಕ್ ಕ್ಯಾಲಿಪರನ್ನು ಬಿಚ್ಚಿ ಒಂದು ತಂತಿಯಲ್ಲಿ ಕಟ್ಟಿ ತೂಗುಹಾಕಬೇಕು. ಸೋಮಾರಿಯಾದವನು ಹೋಸಿನಿಂದಲೇ ಜೋತುಬಿಡುತ್ತಾನೆ. ಒಳಗಿನ ಪದರ ಅಂದೇ ಹರಿಯಬಹುದು, ಹೊರಗೆ ಏನೂ ಕಾಣದಿರಬಹುದು. ಮತ್ತೆ ಜೋಡಿಸುವಾಗ ಹೋಸು ತಿರುಚಿಕೊಂಡರೂ ಹಾಗೆಯೇ. ಅಲ್ಲಿ ಕೂಡಿಸುವ ತಾಮ್ರದ ವಾಷರು ಒಂದು ಸಲಕ್ಕೆ ಮಾತ್ರ. ಕೆಲವೇ ರೂಪಾಯಿಯ ಅದನ್ನು ಉಳಿಸಲು ಹಳೆಯದನ್ನೇ ಹಾಕುವ ಗ್ಯಾರೇಜುಗಳನ್ನು ಕಣ್ಣಾರೆ ಕಂಡಿದ್ದೇನೆ. ಉಕ್ಕಿನ ಪೈಪಾದರೋ, ಹಿಡಿಕೆಗಳ ಕೆಳಗೆ ಕೆಸರು ನಿಂತಲ್ಲಿ, ಹೊರಗಿನಿಂದ ತುಕ್ಕು ತಿನ್ನುತ್ತ ಬರುತ್ತದೆ.

ಈಗಿನ ಕಾರುಗಳಲ್ಲಿ ಬ್ರೇಕಿನ ವ್ಯವಸ್ಥೆ ಎರಡು ಪಾಲು, ಒಂದು ಒಡೆದರೆ ಇನ್ನೊಂದು ಉಳಿಯುತ್ತದೆ ಎಂದು ತಿಳಿದವರು ಸಮಾಧಾನ ಹೇಳುತ್ತಾರೆ. ನಿಜ, ಅದು ಎಷ್ಟೋ ಜೀವ ಉಳಿಸಿದೆ. ಆದರೆ ಲೆಕ್ಕ ನೋಡಿ: ಗಂಟೆಗೆ 150 ಕಿಲೋಮೀಟರು ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 42 ಮೀಟರು ಸಾಗುತ್ತದೆ. ಒಳ್ಳೆಯ ಟೈರಿನಲ್ಲಿ, ಒಣ ನೆಲದಲ್ಲಿ ನಿಲ್ಲಲು ಸುಮಾರು 90 ಮೀಟರು ಬೇಕು. ಅರ್ಧ ಬ್ರೇಕು ಉಳಿದರೆ 180. ತಿರುವು 90 ಮೀಟರಿನಲ್ಲೇ ಇದೆ ಎಂದು ನಂಬಿ ಬಂದವನಿಗೆ ಆ ಉಳಿದ ಅರ್ಧದಿಂದ ಏನು ಪ್ರಯೋಜನ?

ಈಗ ಹುಡುಗನ ಮೊದಲನೆಯ ಮಾತಿಗೆ ಬರೋಣ: ಇದುವರೆಗೆ ಏನೂ ಆಗಿಲ್ಲ. ಇದಕ್ಕೆ 1877ರಲ್ಲೇ ಉತ್ತರ ಕೊಟ್ಟವನೊಬ್ಬನಿದ್ದಾನೆ, ಡಬ್ಲ್ಯು. ಕೆ. ಕ್ಲಿಫರ್ಡ್ ಎಂಬ ಇಂಗ್ಲೆಂಡಿನ ಗಣಿತಜ್ಞ. ನಂಬಿಕೆಯ ನೀತಿಯನ್ನು ಕುರಿತು ಆತ ಬರೆದ ಪ್ರಬಂಧ ಒಬ್ಬ ಹಡಗಿನ ಯಜಮಾನನಿಂದ ಆರಂಭವಾಗುತ್ತದೆ. ಹಡಗು ಹಳೆಯದು, ಹಲವು ಸಲ ರಿಪೇರಿ ಕಂಡದ್ದು. ಹೊರಡುವ ಮುಂಚೆ ಪೂರ್ತಿ ಪರೀಕ್ಷೆ ಮಾಡಿಸಬೇಕೇ ಎಂಬ ಅನುಮಾನ ಅವನ ತಲೆಯಲ್ಲಿ ಮೂಡುತ್ತದೆ. ಖರ್ಚಿನ ಬಾಬತ್ತು. ಇಷ್ಟು ಯಾತ್ರೆ ಮುಗಿಸಿದ ಹಡಗು ಇದೊಂದನ್ನು ಮುಗಿಸದೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ, ದೇವರ ಮೇಲೆ ಭಾರ ಹಾಕುತ್ತಾನೆ, ಹಡಗು ಕಟ್ಟಿದವರ ಪ್ರಾಮಾಣಿಕತೆಯನ್ನು ಸಂಶಯಿಸುವುದು ಸಣ್ಣತನವೆಂದು ಬಗೆಯುತ್ತಾನೆ. ಕಡೆಗೆ ಮನಃಪೂರ್ವಕವಾಗಿ ನಂಬುತ್ತಾನೆ. ಹಡಗು ನಡುಗಡಲಲ್ಲಿ ಮುಳುಗುತ್ತದೆ. ಅದರಲ್ಲಿದ್ದವರು ತಾಯ್ನಾಡು ಬಿಟ್ಟು ಒಳ್ಳೆಯ ದಿನಗಳನ್ನು ಹುಡುಕಿ ಹೊರಟ ಸಂಸಾರಗಳು ಎಂದು ಕ್ಲಿಫರ್ಡ್ ಬೇಕೆಂದೇ ಹೇಳಿದ್ದಾನೆ. ನಮ್ಮಂಥವರೇ ಅನ್ನಿ.

ಅವನ ನಂಬಿಕೆ ಪ್ರಾಮಾಣಿಕವಾಗಿತ್ತಲ್ಲ ಎಂದರೆ ಕ್ಲಿಫರ್ಡ್ ಒಪ್ಪುವುದಿಲ್ಲ. ಹುಡುಕಿ ಗಳಿಸಿದ ನಂಬಿಕೆಯಲ್ಲ ಅದು; ಅನುಮಾನದ ಕತ್ತು ಹಿಸುಕಿ ಪಡೆದದ್ದು. ಇನ್ನೂ ಮುಂದೆ ಹೋಗಿ, ಹಡಗು ಸುಖವಾಗಿ ದಡ ಸೇರಿದ್ದರೂ ಅವನ ತಪ್ಪು ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ, ಸಿಕ್ಕಿಬೀಳುತ್ತಿರಲಿಲ್ಲ ಅಷ್ಟೇ ಎನ್ನುತ್ತಾನೆ. ಆರು ವರ್ಷ ತೊಂದರೆ ಕೊಡದ ಹೋಸು ಏಳನೆಯ ವರ್ಷವೂ ಕೊಡದಿರಬಹುದು. ಆದರೆ ಆ ಆರು ವರ್ಷವೂ ಅದು ಅಡಯಾರಿನಿಂದ ಆಫೀಸಿನವರೆಗಿನ ಬ್ರೇಕನ್ನು ಹೊತ್ತಿತ್ತೇ ಹೊರತು 150ರ ಬ್ರೇಕನ್ನಲ್ಲ. ಆ ಸಾಕ್ಷ್ಯ ಈ ಮೊಕದ್ದಮೆಗೆ ಸಲ್ಲುವುದಿಲ್ಲ.

ಹುಡುಗ ಚುರುಕು. "ಮಾಮ, ನೀವು ಬೆಂಗಳೂರು ಮೇಲ್ ಹತ್ತುವಾಗ ಕೆಳಗೆ ಬಗ್ಗಿ ಬ್ರೇಕ್ ನೋಡ್ತೀರಾ? ಯಾರನ್ನೋ ನಂಬಲೇಬೇಕಲ್ಲ?" ಎಂದು ಕೇಳಿದ. ಗಟ್ಟಿಯಾದ ಪ್ರಶ್ನೆ, ಹಗುರವಾಗಿ ತಳ್ಳಿಹಾಕುವಂಥದಲ್ಲ. ಪರಸ್ಥಳದಲ್ಲಿ ಬದುಕುವ ನಮಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಹಾಲಿನವನನ್ನು, ಮನೆಯ ಮಾಲೀಕನನ್ನು, ಭಾಷೆ ತಿಳಿಯದ ಡಾಕ್ಟರನ್ನು ನಂಬಿಯೇ ಇಲ್ಲಿ ಬೇರು ಬಿಟ್ಟೆವು. ಎಲ್ಲವನ್ನೂ ತಾನೇ ಪರೀಕ್ಷಿಸಿ ನೋಡುತ್ತೇನೆಂದರೆ ಒಂದು ದಿನವೂ ಬದುಕಲಾಗದು. ಕ್ಲಿಫರ್ಡನ ಮಾತನ್ನು ಅಕ್ಷರಶಃ ಹಿಡಿದರೆ ಈ ತೊಡಕು ಬರುತ್ತದೆ.

ನನಗೆ ತೋಚಿದ ಉತ್ತರ ಇದು. ನಾನು ರೈಲನ್ನು ನಂಬುವುದು ರೈಲು ಯಾವ ಕೆಲಸಕ್ಕೆ ಕಟ್ಟಲ್ಪಟ್ಟಿತೋ ಆ ಕೆಲಸಕ್ಕೆ. ಅದನ್ನು ನೋಡಿಕೊಳ್ಳಲು ಸಂಬಳದ ಜನರಿದ್ದಾರೆ, ವೇಳಾಪಟ್ಟಿ ಇದೆ, ಪುಸ್ತಕದಲ್ಲಿ ಸಹಿ ಇದೆ. ಕಾರಿನ ಕಂಪನಿ ಕೊಟ್ಟ ಮಾತೂ ಹಾಗೆಯೇ ರಸ್ತೆಯ ಓಡಾಟಕ್ಕೆ ಕೊಟ್ಟ ಮಾತು. ನಾನು ಸ್ಪ್ರಿಂಗು ಬದಲಿಸಿ, ಟೈರು ಬದಲಿಸಿ, ಅದನ್ನು ಓಟಪಥಕ್ಕೆ ಒಯ್ದ ಗಳಿಗೆಯಲ್ಲಿ ಆ ಮಾತಿನ ಗಡಿ ದಾಟಿದೆ. ಗಡಿ ದಾಟಿದ ಮೇಲೆ ಪರೀಕ್ಷಕನ ಖುರ್ಚಿ ಖಾಲಿಯಾಗುತ್ತದೆ. ಅದರಲ್ಲಿ ನಾನೇ ಕೂರಬೇಕು, ಇಲ್ಲವೇ ತಿಳಿದವನನ್ನು ಕರೆದು ಕೂರಿಸಬೇಕು. ಅದು ಖಾಲಿ ಇರುವುದನ್ನು ಕಂಡೂ ಯಾರೋ ಕೂತಿದ್ದಾರೆಂದು ಭಾವಿಸುವುದನ್ನು ನಂಬಿಕೆ ಎನ್ನಲಾಗದು.

ಪಥದಲ್ಲಿ ಚೀಟಿ ಅಂಟಿಸುವ ಪರೀಕ್ಷಕನಿದ್ದಾನಲ್ಲ ಎಂದರೆ, ಅವನಿಗೆ ಒಂದು ಕಾರಿಗೆ ಸಿಗುವುದು ಕೆಲವೇ ನಿಮಿಷ. ಚಕ್ರದ ನಟ್ಟು, ಬ್ಯಾಟರಿಯ ಹಿಡಿತ, ಸೋರಿಕೆ, ಪೆಡಲಿನ ಬಿಗಿ ಇಷ್ಟನ್ನು ಅವನು ನೋಡಬಲ್ಲ. 'ನನಗೆ ದೋಷ ಕಾಣಲಿಲ್ಲ' ಎಂದು ಅವನ ಚೀಟಿ ಹೇಳುತ್ತದೆ. 'ದೋಷವಿಲ್ಲ' ಎಂದು ನಾವು ಓದಿಕೊಳ್ಳುತ್ತೇವೆ.

ಇಲ್ಲಿ ಒಂದು ಅಡ್ಡಮಾತು. ಓಟದ ಕಾರುಗಳಲ್ಲಿರುವಂತೆ ಉಕ್ಕಿನ ಜಾಲರಿ ಹೊದಿಸಿದ ಹೋಸುಗಳನ್ನು ಹಾಕಿಸುವುದು ಈಗ ಒಂದು ಷೋಕಿ. ಒಳ್ಳೆಯ ತಯಾರಿಕೆಯದಾದರೆ ಒತ್ತಡಕ್ಕೆ ಅದು ರಬ್ಬರಿನಂತೆ ಉಬ್ಬುವುದಿಲ್ಲ, ಪೆಡಲು ಬಿಗಿಯಾಗಿರುತ್ತದೆ, ಸುಳ್ಳಲ್ಲ. ಆದರೆ ರಬ್ಬರು ಮುದಿಯಾದರೆ ಬಿರುಕು ತೋರಿಸುತ್ತದೆ, ಉಬ್ಬು ತೋರಿಸುತ್ತದೆ, ಬಡವನಂತೆ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಉಕ್ಕಿನ ಹೊದಿಕೆಯ ಒಳಗಿನ ಕೊಳವೆಗೆ ಏನಾದರೂ ಹೊರಗೆ ತಿಳಿಯುವುದಿಲ್ಲ. ಜಾಲರಿ ಅಕ್ಕಪಕ್ಕದ ವಸ್ತುವಿಗೆ ಒರಸಿದರೆ ಗರಗಸದಂತೆ ಕೊರೆಯುತ್ತದೆ. ಪರೀಕ್ಷೆಯ ಮುದ್ರೆಯಿಲ್ಲದ ಅಗ್ಗದ ಹೋಸನ್ನು ಹೊಳಪಿಗೆಂದು ಕೊಂಡವನು ಸುರಕ್ಷತೆಯ ವೇಷವನ್ನು ಕೊಂಡ ಹಾಗೆ. ಆಯುಧಪೂಜೆಯ ದಿನ ನಾವು ಕಾರಿನ ಮೂತಿಗೆ ಗಂಧ ಹಚ್ಚಿ, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಇಡಲು ಬಗ್ಗಿದ ಆ ಕ್ಷಣದಲ್ಲಿ ಕತ್ತನ್ನು ಇನ್ನೊಂದು ಗೇಣು ಒಳಗೆ ಚಾಚಿದರೆ ಹೋಸು ಕಾಣುತ್ತದೆ. ಹಳ್ಳಿಯಲ್ಲಿ ಗಾಡಿ ಕಟ್ಟುವ ಮುಂಚೆ ಕಡೆಗೀಲನ್ನು ಕೈಯಾರೆ ಮುಟ್ಟಿ ನೋಡುತ್ತಿದ್ದ ಜನ ನಾವು.

ಇನ್ನು ಎರಡನೆಯ ಮಾತು: ನನ್ನ ಜೀವ, ನನ್ನ ಸಹಿ.

ಕಾನೂನು ಇದನ್ನು ಹೇಗೆ ಕಾಣುತ್ತದೆಂದು ನೋಡುವುದು ಸ್ವಾರಸ್ಯವಾಗಿದೆ. 1860ರ ಭಾರತೀಯ ದಂಡ ಸಂಹಿತೆಯ 87ನೆಯ ಕಲಮಿನಲ್ಲಿ ಒಂದು ಉದಾಹರಣೆಯಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಇಬ್ಬರು ವಿನೋದಕ್ಕಾಗಿ ಕತ್ತಿವರಸೆಗೆ ಇಳಿಯುತ್ತಾರೆ. ಇಳಿದದ್ದರಿಂದಲೇ, ಆಟದಲ್ಲಿ ಆಗಬಹುದಾದ ಪೆಟ್ಟಿಗೆ ಇಬ್ಬರೂ ಸಮ್ಮತಿಸಿದಂತಾಯಿತು. ಆದರೆ ಷರತ್ತು ಒಂದುಂಟು: ಆಟ ನ್ಯಾಯವಾಗಿರಬೇಕು, ಮೋಸ ಇರಕೂಡದು. ಅಂದರೆ ಸಮ್ಮತಿ ಕೊಟ್ಟದ್ದು ಕತ್ತಿವರಸೆಯ ಅಪಾಯಕ್ಕೆ. ಎದುರಾಳಿ ತನ್ನ ಕತ್ತಿಯ ಹಿಡಿ ಸಡಿಲವೆಂದು ತಿಳಿದೂ ಸುಮ್ಮನೆ ಬಂದಿದ್ದರೆ ಆ ಸಡಿಲಕ್ಕೆ ಯಾರೂ ಸಮ್ಮತಿ ಕೊಟ್ಟಿಲ್ಲ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ವಕೀಲ ಮಿತ್ರರು ತಿದ್ದಬಹುದು. ನೀತಿಯ ಮಟ್ಟಿಗೆ ನನಗೆ ಅನುಮಾನವಿಲ್ಲ.

2005ರ ಜೂನ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಫಾಂಟಾನಾ ಎಂಬಲ್ಲಿನ ಓಟಪಥದಲ್ಲಿ, ಇಂಥದೇ ಹವ್ಯಾಸಿಗಳ ದಿನ, ಒಂದು ಕಾರು ಗೋಡೆಗೆ ಬಡಿದು ಓಡಿಸುತ್ತಿದ್ದವನೂ ಪಕ್ಕದಲ್ಲಿ ಕೂತವನೂ ಇಬ್ಬರೂ ತೀರಿಕೊಂಡರು. ಪಕ್ಕದಲ್ಲಿ ಕೂತವನು ಕಾಗದಕ್ಕೆ ಸಹಿ ಮಾಡಿದ್ದ. ಆದರೂ ಅವನ ಹೆಂಡತಿ ದಾವೆ ಹೂಡಿದಳು. ಅಲ್ಲಿ ಬ್ರೇಕಿನ ಪ್ರಶ್ನೆ ಇರಲಿಲ್ಲ. ಕಾರಿನ ನಡತೆಯಲ್ಲಿ ದೋಷವಿದ್ದದ್ದು ಚಾಲಕನಿಗೆ ಗೊತ್ತಿತ್ತು, ಪಕ್ಕದವನಿಗೆ ಹೇಳಲಿಲ್ಲ ಎಂಬುದು ಆರೋಪಗಳಲ್ಲಿ ಒಂದು. 2007ರಲ್ಲಿ, ಸುಮಾರು 45 ಲಕ್ಷ ಡಾಲರಿಗೆ ರಾಜಿಯಾಯಿತು. ಚಾಲಕನ ಆಸ್ತಿ, ಪಥದ ಒಡೆಯರು, ಏರ್ಪಡಿಸಿದವರು, ಕಾರು ತಯಾರಿಸಿದವರು ಎಲ್ಲರ ಮೇಲೂ ದಾವೆ ಇತ್ತು. ಸಹಿ ಇದ್ದೂ ಹೀಗಾಯಿತು.

ಹಣದ ಲೆಕ್ಕ ಕೋರ್ಟುಗಳಿಗಿರಲಿ. ಸಹಿಯ ಕಾಗದ ಹೇಳುವುದು ದಾವೆ ಹೂಡುವುದಿಲ್ಲವೆಂದು. ನಾನು ಮಾಡಬೇಕಾದ್ದನ್ನು ಮಾಡಿದ್ದೇನೆಂದು ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ. ಅದು ಒಬ್ಬನ ಬಾಯಿ ಕಟ್ಟುತ್ತದೆ, ಇನ್ನೊಬ್ಬನ ಕೈ ತೊಳೆಯುವುದಿಲ್ಲ. ಪಕ್ಕದಲ್ಲಿ ಕೂತು ಕಲಿಸುವ ಶಿಕ್ಷಕ ನಿನ್ನ ಅನನುಭವದ ಅಪಾಯವನ್ನು ತಿಳಿದೇ ಕೂತಿದ್ದಾನೆ, ನಿನ್ನ ತಿರುಚಿದ ಹೋಸನ್ನು ತಿಳಿದಲ್ಲ. ತಿರುವಿನಲ್ಲಿ ಬಾವುಟ ಹಿಡಿದು ಬಿಸಿಲಲ್ಲಿ ನಿಂತ ಮಾರ್ಷಲ್, ಹುಡುಗರು ಜಾರುತ್ತಾರೆಂದು ಬಲ್ಲ. ಅವನು ಬಲ್ಲದ್ದಕ್ಕೆ ಮಾತ್ರ ಅವನ ಸಮ್ಮತಿ.

ಇಷ್ಟೂ ಜನರನ್ನು ಬಿಟ್ಟೇಬಿಡೋಣ. ಅವರೆಲ್ಲ ಯಾವುದೋ ಕಾಗದಕ್ಕೆ ಸಹಿ ಹಾಕಿ ಒಳಗೆ ಬಂದವರು. ನನ್ನ ನಿದ್ದೆ ಕೆಡಿಸಿದ್ದು ಸಂಜೆಯ ಮಾತು. ಐದು ಗಂಟೆಗೆ ಪಥ ಮುಚ್ಚುತ್ತದೆ. ಹುಡುಗ ಹೆಲ್ಮೆಟ್ ಕಳಚಿ, ಅದೇ ಕಾರಿನಲ್ಲಿ, ಅದೇ ದ್ರವದಲ್ಲಿ, ಹೆದ್ದಾರಿಗೆ ಇಳಿಯುತ್ತಾನೆ. ದಿನವೆಲ್ಲ ಕಾದು ಬಳಲಿದ ಹೋಸು ಈಗ ಶ್ರೀಪೆರುಂಬುದೂರಿನ ರಸ್ತೆ ದಾಟುತ್ತಿರುವ ಕಾರ್ಖಾನೆಯ ಹೆಂಗಸರ ಮುಂದೆ, ಹಿಂದೆ ಮಗುವನ್ನು ಕೂರಿಸಿಕೊಂಡ ಸ್ಕೂಟರಿನವನ ಬೆನ್ನಿಗೆ, ಬೆಂಗಳೂರಿನ ಕಡೆ ಹೋದರೆ ಕೃಷ್ಣಗಿರಿಯ ಇಳಿಜಾರಿನಲ್ಲಿ. ಇವರು ಯಾರೂ ಎಲ್ಲಿಯೂ ಸಹಿ ಮಾಡಿಲ್ಲ. ಅಲ್ಲೊಂದು ಓಟಪಥ ಇದೆಯೆಂದೇ ಹಲವರಿಗೆ ಗೊತ್ತಿಲ್ಲ. 'ನನ್ನ ಜೀವ' ಎಂಬ ವಾದಕ್ಕೆ ಪಥದ ಬೇಲಿಯೊಳಗೆ ಏನಾದರೂ ಬಲವಿದ್ದರೆ ಅದು ಬೇಲಿಯ ಗೇಟಿನಲ್ಲೇ ಮುಗಿಯಿತು.

ರಾಮಾಯಣದ ದಶರಥನನ್ನು ನೆನೆಯಿರಿ. ಕಣ್ಣಿಗೆ ಕಾಣದ್ದನ್ನು ಸದ್ದಿನಿಂದಲೇ ಹೊಡೆಯಬಲ್ಲೆನೆಂಬ ವಿದ್ಯೆಯ ಹೆಮ್ಮೆ ಅವನದು. ಆನೆ ನೀರು ಕುಡಿಯುತ್ತಿದೆ ಎಂದುಕೊಂಡು ಬಾಣ ಬಿಟ್ಟ. ನೀರು ತುಂಬುತ್ತಿದ್ದವನು ಶ್ರವಣಕುಮಾರ. ಕೊಲ್ಲುವ ಇಚ್ಛೆ ಇರಲಿಲ್ಲ, ಅದು ನಿಜ. ಆದರೆ ನದಿಯ ದಡಕ್ಕೆ ರಾತ್ರಿಯ ಹೊತ್ತು ಮನುಷ್ಯರೂ ಕೊಡ ಹಿಡಿದು ಬರುತ್ತಾರೆಂದು ರಾಜನಾದವನಿಗೆ ತಿಳಿಯದ ಸಂಗತಿಯೇ? ನೋಡಬಹುದಾಗಿದ್ದನ್ನು ನೋಡದೆ ಬಿಟ್ಟ ಬಾಣ ಅದು. ಅವನ ದೊಡ್ಡತನ ಉಳಿದದ್ದು ಆ ಮೇಲಿನ ನಡತೆಯಲ್ಲಿ: ಓಡಿಹೋಗಲಿಲ್ಲ, ಕೊಡವನ್ನು ತಾನೇ ಹೊತ್ತು ಆ ಕುರುಡು ತಂದೆತಾಯಿಗಳ ಮುಂದೆ ಹೋಗಿ ನಿಂತ.

ಅಂದು ಅಲ್ಲಿ ನಿಜವಾಗಿ ಆನೆಯೇ ಇದ್ದಿದ್ದರೆ? ದಶರಥ ಬೇಟೆಯಾಡಿ ಅರಮನೆಗೆ ಮರಳುತ್ತಿದ್ದ, ನಾವು ಅವನ ವಿದ್ಯೆಯನ್ನು ಹೊಗಳುತ್ತಿದ್ದೆವು. ಬಾಣ ಬಿಟ್ಟ ಕ್ಷಣದಲ್ಲಿ ಅವನ ತಪ್ಪು ಎರಡರಲ್ಲೂ ಒಂದೇ. ಕ್ಲಿಫರ್ಡನ ಮಾತು ಇಷ್ಟರ ಮಟ್ಟಿಗೆ ನನಗೆ ಒಪ್ಪಿಗೆ. ಆದರೆ ಮುಂದಿನದನ್ನು ಅವನು ಅಳೆಯಲಿಲ್ಲ ಎನಿಸುತ್ತದೆ. ಬರ್ನಾರ್ಡ್ ವಿಲಿಯಮ್ಸ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ 1976ರಲ್ಲಿ, ತನ್ನದೇನೂ ತಪ್ಪಿಲ್ಲದೆ ಮಗುವೊಂದರ ಮೇಲೆ ಲಾರಿ ಹರಿಸಿದ ಚಾಲಕನ ಉದಾಹರಣೆ ಕೊಟ್ಟ. ತಪ್ಪಿಲ್ಲವೆಂದು ನಾವು ಎಷ್ಟು ಹೇಳಿದರೂ ಅವನ ಸಂಕಟ ರಸ್ತೆಯ ಬದಿಯಲ್ಲಿ ನಿಂತು ನೋಡಿದವನ ಸಂಕಟದಂಥದಲ್ಲ, ಇರಲೂಕೂಡದು. ತಪ್ಪಿನ ತೂಕ ಬೇರೆ, ಆದದ್ದರ ಋಣ ಬೇರೆ. ತಪ್ಪು ಬಾಣ ಬಿಟ್ಟಾಗಲೇ ತೀರ್ಮಾನವಾಗುತ್ತದೆ. ಋಣ ಬಾಣ ಎಲ್ಲಿ ನೆಟ್ಟಿತೆಂಬುದರ ಮೇಲೆ ನಿಂತಿದೆ. ಮೊದಲನೆಯದರಿಂದ ಪಾರಾಗುವ ದಾರಿ ನಮ್ಮ ಕೈಯಲ್ಲಿದೆ. ಎರಡನೆಯದು ಯಾರ ಕೈಯಲ್ಲೂ ಇಲ್ಲ.

ನಾನಿದ್ದ ಕಾರ್ಯಾಗಾರದಲ್ಲಿ ಒಂದು ಪದ್ಧತಿಯಿತ್ತು. ಬ್ರೇಕಿನ ಕೆಲಸ ಮುಗಿಸಿ ಕೊಟ್ಟ ಫಿಟ್ಟರು, ಬಸ್ಸು ಪರೀಕ್ಷೆಗೆ ಹೊರಟಾಗ ತಾನೂ ಹತ್ತಿ ಮುಂದಿನ ಸೀಟಿನಲ್ಲಿ ಕೂರಬೇಕು. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಹಳೆಯ ಫೋರ್ಮನ್ ಒಬ್ಬರು ಹಾಕಿಕೊಟ್ಟ ರೂಢಿ. ಯಾರಾದರೂ, ಸಾರ್, ಊಟದ ಹೊತ್ತು ಎಂದು ತಲೆ ಕೆರೆದರೆ ಫೋರ್ಮನ್ ಏನೂ ಅನ್ನುತ್ತಿರಲಿಲ್ಲ, ಚಕ್ರ ಮತ್ತೆ ಬಿಚ್ಚಿಸುತ್ತಿದ್ದರು.

ರಾಯರ ಮಗನಿಗೆ ನಾನು ಉಪದೇಶ ಮಾಡಲಿಲ್ಲ. ಒಂದು ಭಾನುವಾರ ಕಾರನ್ನು ಎತ್ತಿ ನಿಲ್ಲಿಸಿ ಇಬ್ಬರೂ ಕೆಳಗೆ ಮಲಗಿದೆವು. ರಾಯರನ್ನೇ ಒಳಗೆ ಕೂರಿಸಿ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಲು ಹೇಳಿದೆವು. ಮುಂದಿನ ಎಡಗಡೆಯ ಹೋಸಿನ ಮೇಲೆ, ಅಗಲದ ಟೈರು ಒರಸಿ ಒರಸಿ, ಎಂಟಾಣೆಯಷ್ಟು ಅಗಲ ನುಣುಪಾಗಿತ್ತು. ಹುಡುಗ ಬೆರಳಿನಿಂದ ಅದನ್ನು ಬಹಳ ಹೊತ್ತು ಸವರಿದ. ನಾಲ್ಕೂ ಹೋಸು ಬದಲಾದವು, ಟೈರು ಮತ್ತೆ ಕಂಪನಿಯ ಅಳತೆಗೆ ಬಂತು. ಹೊಸ ದ್ರವ ತುಂಬಿ ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬ ಪೆಡಲಿನ ಮೇಲೆ, ಒಬ್ಬ ಚಕ್ರದ ಬಳಿಯ ನಿಪ್ಪಲಿನ ಹತ್ತಿರ. "ಒತ್ತಿ", "ಹಿಡೀರಿ", "ಬಿಡಿ" ಎಂದು ಮಗ ಕೆಳಗಿನಿಂದ ಕೂಗುವುದು, ತಂದೆ ಮೇಲಿನಿಂದ ಒತ್ತುವುದು. ಗುಳ್ಳೆ ಬರುವುದು ನಿಂತ ಮೇಲೂ ರಾಯರು ಇನ್ನೆರಡು ಸಲ ಒತ್ತಿದರು. ಕಡೆಯಲ್ಲಿ ಎಂಜಿನ್ನು ಚಾಲೂ ಇಟ್ಟು ಅರ್ಧ ನಿಮಿಷ ಪೆಡಲನ್ನು ಗಟ್ಟಿಯಾಗಿ ಒತ್ತಿಹಿಡಿದು, ಅದು ಕೆಳಗಿಳಿಯದೆ ನಿಂತದ್ದನ್ನು ನೋಡಿ, ಪ್ರತಿಯೊಂದು ಕೂಡುವೆಗೂ ಒಣ ಬಟ್ಟೆ ಮುಟ್ಟಿಸಿ ನೋಡಿದೆವು. ಇದಕ್ಕೆಲ್ಲ ಆದ ಖರ್ಚು ಅವನ ಒಂದು ಜೊತೆ ಟೈರಿನ ಬೆಲೆಗಿಂತ ಕಡಿಮೆ.

ಮೊನ್ನೆ ಅವನು ಆ ಕಾರನ್ನು ಮಾರಿದ. ಕೊಳ್ಳಲು ಬಂದವನಿಗೆ, ಇದನ್ನು ಇಷ್ಟು ಸಲ ಓಟಪಥದಲ್ಲಿ ಓಡಿಸಿದ್ದೇನೆ, ಹಳೆಯ ಹೋಸು ಹೀಗಿತ್ತು ಎಂದು ತಾನಾಗಿಯೇ ಹೇಳಿ, ಎತ್ತಿಟ್ಟಿದ್ದ ಆ ಸವೆದ ತುಂಡನ್ನೂ ತೋರಿಸಿದನಂತೆ. ಬಂದವನು ಅಲ್ಲೇ ಇಪ್ಪತ್ತು ಸಾವಿರ ಇಳಿಸಿದ. "ಕೇಳದೆ ಹೇಳುವ ಅಗತ್ಯವೇನಿತ್ತು?" ಎಂದು ರಾಯರು ನನ್ನನ್ನು ಕೇಳಿದರು, ಪಾಪ, ಅದಕ್ಕೆ ನಾನೇ ಕಾರಣ ಎಂಬಂತೆ. ಆ ಇಪ್ಪತ್ತು ಸಾವಿರದ ಸಂಕಟ ಅವರಿಗೆ ಇನ್ನೂ ಹೋಗಿಲ್ಲ.